ಬಾವುಟದ ಮೇಲಿನ ಮಾತು

ಕೆಂಪು ಬಾವುಟ ಹೊಲಿಸುವುದು ದೊಡ್ಡ ಕೆಲಸವಲ್ಲ. ನಾಲ್ಕು ಗಜ ಬಟ್ಟೆ, ಒಂದು ಗಳ, ಒಬ್ಬ ದರ್ಜಿ ಸಿಕ್ಕಿದರೆ ಆಯಿತು. ಅದರ ಮೇಲೆ ಏನು ಬರೆಯಬೇಕೆಂಬುದೇ ಕಷ್ಟದ ಪ್ರಶ್ನೆ. 1876ನೆಯ ಇಸವಿಯ ಫೆಬ್ರವರಿಯಲ್ಲಿ ಸರ್ಬಿಯಾ ದೇಶದ ಕ್ರಾಗುಯೆವಾತ್ಸ್ ಎಂಬ ಊರಿನ ಜನ, ಫಿರಂಗಿ ಕಾರಖಾನೆಯ ಕೆಲಸಗಾರರು, ಕಸುಬುದಾರರು, ಊರಿನ ಸಾಮಾನ್ಯರು, ಒಂದು ಕೆಂಪು ಬಾವುಟ ಹಿಡಿದು ಬೀದಿಗಿಳಿದರು. ಅದರ ಮೇಲೆ ಬರೆದಿದ್ದುದು ಒಂದೇ ಮಾತು: 'ಸಮೋಉಪ್ರವಾ'. ನಮ್ಮ ಭಾಷೆಯಲ್ಲಿ ಸ್ವಯಮಾಡಳಿತ. ಇನ್ನೂ ಬಿಡಿಸಿ ಹೇಳಿದರೆ, ನಮ್ಮ ಊರಿನ ಕಾರಭಾರವನ್ನು ನಾವೇ ನೋಡಿಕೊಳ್ಳುತ್ತೇವೆ ಎಂಬುದು.

ಮುಂದೆ ಆ ಊರನ್ನಾಳಿದವರಲ್ಲಿ ಕೆಲವರು ಆ ಬಾವುಟ ಹಿಡಿದುದನ್ನೇ ರಾಜದ್ರೋಹವೆಂದರು. ಕೆಲವರು ಅದರ ಹೆಸರನ್ನು ಕಾರಖಾನೆಗೆ ಇಟ್ಟರು. ಆದರೆ ಬಾವುಟದ ಮೇಲಿದ್ದ ಮಾತನ್ನು ಯಾರೂ ಪೂರ್ತಿಯಾಗಿ ನಡೆಸಿಕೊಡಲಿಲ್ಲ. ಇದು ನಮ್ಮ ಅಭಿಪ್ರಾಯ. ಹೀಗೆ ಹೇಳಿದರೆ ಬೆಲ್‌ಗ್ರೇಡಿನ ಹಳೆಯ ಅಧಿಕಾರಿಗಳಿಗೂ ಹೊಸ ಅಧಿಕಾರಿಗಳಿಗೂ ಸಮನಾಗಿ ಸಿಟ್ಟು ಬರಬಹುದು. ಬರಲಿ. ಊರಿನ ಚರಿತ್ರೆಯನ್ನು ನೋಡಿ ಓದುಗರೇ ತೀರ್ಮಾನಿಸಲಿ.

ಊರಿನ ಹೆಸರು ನಮ್ಮ ನಾಲಿಗೆಗೆ ತುಸು ತೊಡಕು. 'ಕ್ರಾಗುಯ್' ಎಂದರೆ ಅಲ್ಲಿನವರ ಮಾತಿನಲ್ಲಿ ಒಂದು ಜಾತಿಯ ಬೇಟೆಯ ಹಕ್ಕಿ. ಬೆಲ್‌ಗ್ರೇಡಿನಿಂದ ದಕ್ಷಿಣಕ್ಕೆ, ಶುಮಾದಿಯಾ ಎಂಬ ಕಾಡುಗುಡ್ಡಗಳ ಪ್ರಾಂತದಲ್ಲಿ, ಲೆಪೆನಿತ್ಸಾ ಎಂಬ ಚಿಕ್ಕ ಹೊಳೆಯ ದಂಡೆಯ ಮೇಲೆ ಈ ಊರಿದೆ. ತುರ್ಕರ ದಾಖಲೆಯಲ್ಲಿ 1476ರಲ್ಲಿಯೇ ಇದರ ಹೆಸರಿದೆಯಾದರೂ ಊರು ಊರಾದದ್ದು 1818ರಲ್ಲಿ. ತುರ್ಕರ ವಿರುದ್ಧ ದಂಗೆಯೆದ್ದು ಅರೆ ಸ್ವಾತಂತ್ರ್ಯ ಗಿಟ್ಟಿಸಿದ್ದ ಮಿಲೋಶ್ ಒಬ್ರೆನೋವಿಚ್ ಎಂಬ ನಾಯಕ ಅದನ್ನು ತನ್ನ ರಾಜಧಾನಿಯಾಗಿ ಮಾಡಿಕೊಂಡ. ಬೆಲ್‌ಗ್ರೇಡಿನ ಕೋಟೆಯಲ್ಲಿ ಆಗ ಇನ್ನೂ ತುರ್ಕರ ಸೈನ್ಯ ಕುಳಿತಿತ್ತು. ರಾಜಧಾನಿ ಕಾಡಿನ ನಡುವೆ ಸುರಕ್ಷಿತವಾಗಿರಲೆಂಬುದು ಅವನ ಲೆಕ್ಕ.

ಈ ಮಿಲೋಶ್ ಓದು ಬರಹ ಬಾರದವನು. ಜಾನುವಾರು ವ್ಯಾಪಾರವನ್ನು, ಅದರಲ್ಲಿಯೂ ಹಂದಿಗಳ ವ್ಯಾಪಾರವನ್ನು, ತನ್ನ ಮುಷ್ಟಿಯಲ್ಲಿಟ್ಟುಕೊಂಡು ದೇಶದಲ್ಲೆಲ್ಲ ದೊಡ್ಡ ಶ್ರೀಮಂತನಾದವನು. ರಾಜನೇ ವ್ಯಾಪಾರಿಯಾದರೆ ಸಣ್ಣ ವ್ಯಾಪಾರಿಯ ಪಾಡೇನಾಗುತ್ತದೆಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಆದರೂ ಈ ನಿರಕ್ಷರಿಯ ಊರಿನಲ್ಲಿಯೇ 1833ರಲ್ಲಿ ಪ್ರೌಢಶಾಲೆ ತೆರೆಯಿತು. 1834ರಲ್ಲಿ 'ನೋವಿನೆ ಸ್ರ್‌ಪ್ಸ್‌ಕೆ' ಎಂಬ ಪತ್ರಿಕೆ ಅಚ್ಚಾಗತೊಡಗಿತು. 1835ರಲ್ಲಿ ಯೋಕಿಮ್ ವುಯಿಚ್ ಎಂಬ ಅಲೆಮಾರಿ ಪಂಡಿತ ಬಂದು ನಾಟಕಶಾಲೆ ಕಟ್ಟಿದ. ಅರವತ್ತು ದಾಟಿದ ಮುದುಕ. ಹತ್ತಾರು ದೇಶ ತಿರುಗಿ, ಹಲವು ಭಾಷೆ ಕಲಿತು, ಊರೂರಿನಲ್ಲಿ ಹುಡುಗರನ್ನು ಕೂಡಿಸಿ ನಾಟಕವಾಡಿಸಿದವನು. ಸರ್ಬಿಯಾದ ರಂಗಭೂಮಿಯ ತಂದೆ ಎಂದು ಇಂದಿಗೂ ಅವನನ್ನು ಕರೆಯುತ್ತಾರೆ. ಅವನು ಕಟ್ಟಿದ ನಾಟಕಶಾಲೆಯ ಹೆಸರಿನಲ್ಲಿ ಕ್ರಾಗುಯೆವಾತ್ಸಿನಲ್ಲಿ ಇಂದಿಗೂ ನಾಟಕ ನಡೆಯುತ್ತಿದೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಇಂಥದನ್ನು ಹಳಿಯುವವರುಂಟು. ರಸ್ತೆಯಿಲ್ಲದ, ಆಸ್ಪತ್ರೆಯಿಲ್ಲದ ದೇಶಕ್ಕೆ ನಾಟಕವೇಕೆ ಎಂಬುದು ಅವರ ವಾದ. ನಾವು ಒಪ್ಪುವುದಿಲ್ಲ. ಶಾಲೆ, ಅಚ್ಚುಕೂಟ, ನಾಟಕಶಾಲೆ ಈ ಮೂರೂ ಒಂದೇ ಊರಿನಲ್ಲಿ, ಮೂರೇ ವರ್ಷಗಳಲ್ಲಿ ಹುಟ್ಟಿದವು. ಅಂಥ ಊರಿನಲ್ಲಿ ಅರಸನ ಮಾತೇ ಕಡೆಯ ಮಾತು ಎಂಬುದು ಬಹಳ ದಿನ ನಡೆಯಲಾರದು.

ನಡೆಯಲೂ ಇಲ್ಲ. 1835ರ ಜನವರಿಯಲ್ಲಿ ಮಿಲೋಶನ ದಬ್ಬಾಳಿಕೆಯ ವಿರುದ್ಧ ಜನ ದಂಗೆಯೆದ್ದು ಕ್ರಾಗುಯೆವಾತ್ಸಿಗೇ ನುಗ್ಗಿದರು. ಮರು ತಿಂಗಳೇ, ಈಗಿನ ಪಂಚಾಂಗದಂತೆ ಫೆಬ್ರವರಿ 15ರ ಸ್ರೆತೆನ್ಯೆ ಹಬ್ಬದ ದಿನ, ಊರಿನಲ್ಲಿ ದೊಡ್ಡ ಸಭೆ ಸೇರಿ ಒಂದು ರಾಜ್ಯಾಂಗಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ಬರೆದವನು ದಿಮಿತ್ರಿಯೆ ದಾವಿದೋವಿಚ್. ಮೇಲೆ ಹೇಳಿದ ಪತ್ರಿಕೆಯನ್ನು ನಡೆಸುತ್ತಿದ್ದವನೂ ಅವನೇ. ಅರಸನ ಅಧಿಕಾರಕ್ಕೆ ಅದು ಮಿತಿ ಹಾಕಿತು. ಸರ್ಬಿಯಾದ ನೆಲಕ್ಕೆ ಕಾಲಿಟ್ಟ ಗುಲಾಮ ಆ ಗಳಿಗೆಯಿಂದ ಸ್ವತಂತ್ರನೆಂದು ಸಾರಿತು. ಅಮೆರಿಕದಲ್ಲಿ ಮನುಷ್ಯರನ್ನು ಸಂತೆಯಲ್ಲಿ ಮಾರುತ್ತಿದ್ದ ಕಾಲ ಅದು ಎಂಬುದನ್ನು ನೆನಪಿಡಬೇಕು.

ರಾಜ್ಯಾಂಗ ಎರಡು ತಿಂಗಳೂ ಬಾಳಲಿಲ್ಲ. ಆಸ್ಟ್ರಿಯಾ, ರಷ್ಯಾ, ತುರ್ಕಿ ಈ ಮೂರು ಸಾಮ್ರಾಜ್ಯಗಳೂ ಒಂದಾಗಿ, ಇದು ಫ್ರೆಂಚರ ಕ್ರಾಂತಿಯ ಸೋಂಕು ಎಂದು ಕೂಗೆಬ್ಬಿಸಿದವು. ಬೇರೆ ಯಾವ ವಿಷಯದಲ್ಲಿಯೂ ಹೊಂದಿಕೊಳ್ಳದ ಮೂವರು ಇದೊಂದರಲ್ಲಿ ಹೊಂದಿಕೊಂಡರು. ಮಿಲೋಶನಿಗೂ ಅದೇ ಬೇಕಾಗಿತ್ತು; ಒತ್ತಾಯದ ನೆಪ ಹೇಳಿ ರಾಜ್ಯಾಂಗವನ್ನು ಕೈಬಿಟ್ಟ. ಹೊರಗಿನ ದೊಡ್ಡವರು ಹೆದರಿಸುತ್ತಾರೆಂದು ಒಳಗಿನ ದೊಡ್ಡವರು ಹೇಳುವಾಗ, ಆ ಹೆದರಿಕೆಯಿಂದ ಲಾಭ ಯಾರಿಗೆಂದು ಕೇಳುವುದು ಒಳ್ಳೆಯದು.

1841ರಲ್ಲಿ ರಾಜಧಾನಿ ಬೆಲ್‌ಗ್ರೇಡಿಗೆ ಹೋಯಿತು. ಕ್ರಾಗುಯೆವಾತ್ಸಿನಲ್ಲಿ 1838ರಲ್ಲಿ ಆರಂಭವಾಗಿದ್ದ ಉನ್ನತ ವಿದ್ಯಾಲಯವೂ ಅದರ ಹಿಂದೆಯೇ ಹೋಯಿತು. ರಾಜಧಾನಿ ಬಿಟ್ಟುಹೋದ ಊರು ಸಾಧಾರಣವಾಗಿ ಸೊರಗುತ್ತದೆ. ಇದು ಸೊರಗದಿದ್ದುದಕ್ಕೆ ಕಾರಣ ಕಬ್ಬಿಣ. 1853ರಲ್ಲಿ ಇಲ್ಲಿನ ಎರಕದ ಮನೆಯಲ್ಲಿ ಮೊದಲ ಫಿರಂಗಿ ಎರಕವಾಯಿತು. ಮೇಲ್ವಿಚಾರಣೆಗೆ ಶಾರ್ಲ್ ಲೂಬ್ರಿ ಎಂಬ ಫ್ರೆಂಚ್ ಇಂಜಿನಿಯರು. ಮರುವರ್ಷ ಕಾರಖಾನೆಯ ಜೊತೆಗೇ ಕಸುಬಿನ ಶಾಲೆ. ಸರ್ಬಿಯಾದ ಕೈಗಾರಿಕೆಯ ಆರಂಭವನ್ನು ಇಲ್ಲಿಂದಲೇ ಎಣಿಸುತ್ತಾರೆ. ಸರ್ಕಾರಕ್ಕೆ ಬೇಕಾಗಿದ್ದುದು ಫಿರಂಗಿ. ಕೆಲಸಗಾರನಿಗೆ ವಿದ್ಯೆ ಕೊಡುವ ಉದ್ದೇಶವೇನೂ ಇರಲಿಲ್ಲ. ಆದರೆ ನಕ್ಷೆ ಓದಬಲ್ಲ ಕಮ್ಮಾರ ಪತ್ರಿಕೆಯನ್ನೂ ಓದಬಲ್ಲ. ಮಾಲೀಕರು ಮರೆತುಬಿಡುವ ಸಂಗತಿ ಇದು. ಪಾಳಿ ಮುಗಿಸಿ ಬಂದು ಚಹದಂಗಡಿಯಲ್ಲಿ ಪತ್ರಿಕೆ ಬಿಡಿಸುವ ನಮ್ಮ ಗಿರಣಿಯ ಗೆಳೆಯರಿಗೆ ಇದು ಚೆನ್ನಾಗಿ ಗೊತ್ತು.

ಈ ಓದುಗರಿಗಾಗಿ ಬರೆದವನು ಸ್ವೆತೋಜಾರ್ ಮಾರ್ಕೋವಿಚ್. ಹುಟ್ಟಿದ್ದು 1846ರಲ್ಲಿ. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಜಿನಿಯರಿಕೆ ಕಲಿಯಲು ಸೇಂಟ್ ಪೀಟರ್ಸ್‌ಬರ್ಗಿಗೂ ಅಲ್ಲಿಂದ ಜೂರಿಕ್ಕಿಗೂ ಹೋದವನು ಸಮಾಜವಾದಿಯಾಗಿ ಹಿಂದಿರುಗಿದ. 1871ರಲ್ಲಿ ಬೆಲ್‌ಗ್ರೇಡಿನಲ್ಲಿ 'ರಾದೆನಿಕ್', ಎಂದರೆ 'ದುಡಿಮೆಗಾರ', ಎಂಬ ಪತ್ರಿಕೆ ಹೊರಡಿಸಿದ. ಬಾಲ್ಕನ್ ನಾಡುಗಳಲ್ಲೆಲ್ಲ ಅದೇ ಮೊದಲ ಸಮಾಜವಾದಿ ಪತ್ರಿಕೆ. ಪ್ಯಾರಿಸ್ ಕಮ್ಯೂನಿನ ವಿಷಯ ಬರೆದ ಆ ಪತ್ರಿಕೆಯನ್ನು ಮರುವರ್ಷವೇ ಮುಚ್ಚಿಸಿದರು. 1873ರಲ್ಲಿ ಅವನು ಕ್ರಾಗುಯೆವಾತ್ಸಿಗೆ ಬಂದು 'ಯಾವ್ನೋಸ್ತ್' ಎಂಬ ಇನ್ನೊಂದು ಪತ್ರಿಕೆ ತೆಗೆದ. ಬೆಲ್‌ಗ್ರೇಡನ್ನು ಬಿಟ್ಟು ಅವನು ಜಿಲ್ಲೆಯ ಊರೊಂದಕ್ಕೆ ಬಂದದ್ದು ಸುಮ್ಮನೆ ಅಲ್ಲ, ಕೆಲಸಗಾರರಿದ್ದುದು ಅಲ್ಲಿ. 1874ರ ಜನವರಿಯಲ್ಲಿ ಅವನನ್ನು ಹಿಡಿದು, ಪತ್ರಿಕೆಯ ಬರಹಗಳಿಗಾಗಿ ವಿಚಾರಣೆ ನಡೆಸಿ, ಪೊಜಾರೆವಾತ್ಸಿನ ಸೆರೆಮನೆಗೆ ಕಳಿಸಿದರು. ಮೊದಲೇ ಕ್ಷಯವಿದ್ದ ದೇಹ. 1875ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ತ್ರಿಯೆಸ್ತೆಯಲ್ಲಿ ತೀರಿಕೊಂಡ.

ಅವನ ವಿಚಾರಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. 1872ರ 'ಪೂರ್ವದಲ್ಲಿ ಸರ್ಬಿಯಾ' ಎಂಬ ಪುಸ್ತಕದಲ್ಲಿ ಅವನು, ತುರ್ಕ ಜಮೀನ್ದಾರ ಹೋದ ಜಾಗದಲ್ಲಿ ನಮ್ಮದೇ ಭಾಷೆಯಾಡುವ ಅಧಿಕಾರಿ ಬಂದು ಕುಳಿತರೆ ರೈತನಿಗೆ ಬಿಡುಗಡೆ ಸಿಕ್ಕಿದಂತಾಗಲಿಲ್ಲ ಎಂದು ವಾದಿಸಿದ. ಹಳ್ಳಿಯೂ ಊರೂ ತಮ್ಮನ್ನು ತಾವೇ ಆಳಿಕೊಳ್ಳಬೇಕು, ಅಧಿಕಾರ ಮೇಲಿನಿಂದ ಇಳಿಯಬಾರದು ಎಂದ. ಎರಡನೆಯದಾಗಿ, ಎಲ್ಲ ಸರ್ಬರನ್ನೂ ಒಬ್ಬ ಅರಸನ ಕೆಳಗೆ ತಂದು ದೊಡ್ಡ ಸರ್ಬಿಯಾ ಕಟ್ಟುವ ಹುಚ್ಚನ್ನು ಖಂಡಿಸಿ, ಬಾಲ್ಕನ್ ಜನಾಂಗಗಳೆಲ್ಲ ಸಮಾನರಾಗಿ ಕೂಡುವ ಒಕ್ಕೂಟವೇ ದಾರಿ ಎಂದ. 1990ರ ದಶಕದಲ್ಲಿ ಯುಗೊಸ್ಲಾವಿಯಾ ಒಡೆದು ನೆರೆಹೊರೆಯವರು ಒಬ್ಬರನ್ನೊಬ್ಬರು ಕೊಂದುಕೊಂಡಾಗ, ಈ ಮಾತಿಗೆ ನೂರಿಪ್ಪತ್ತು ವರ್ಷ ವಯಸ್ಸಾಗಿತ್ತು.

ಜೂರಿಕ್ಕಿನಲ್ಲಿ ಓದಿದ ಇಬ್ಬರು ಅಕ್ಕತಂಗಿಯರು, ಮಿಲಿತ್ಸಾ ಮತ್ತು ಆಂಕಾ ನಿಂಕೋವಿಚ್, ಮಾರ್ಕೋವಿಚನ ಕೆಲಸಕ್ಕೆ ಕೈ ಕೂಡಿಸಲು ಇದೇ ಊರಿಗೆ ಬಂದರು. ಹೆಣ್ಣುಮಕ್ಕಳ ಶಾಲೆ ತೆರೆಯುವೆವೆಂದು ಅವರು ಅನುಮತಿ ಕೇಳಿದರು. ಸರ್ಕಾರ ಕೊಡಲಿಲ್ಲ. ಶಾಲೆಗೆ ಅವಕಾಶವಿಲ್ಲದಿದ್ದರೆ ಪತ್ರಿಕೆಯಾದರೂ ಇದೆಯಲ್ಲ ಎಂದು, ಮಾರ್ಕೋವಿಚ್ ಸತ್ತ ಮೇಲೆ ಸಮಾಜವಾದಿಗಳ ಪತ್ರಿಕೆಯ ಸಂಪಾದಕೀಯ ಕೆಲಸಕ್ಕೆ ಕುಳಿತರು. ಫಿರಂಗಿ ಮಾಡಲು ಹಣವಿದ್ದ ಸರ್ಕಾರಕ್ಕೆ ಹುಡುಗಿಯರಿಗೆ ಒಂದು ಶಾಲೆ ಅಪಾಯವಾಗಿ ಕಂಡಿತೆಂಬುದನ್ನು ನಮ್ಮ ಓದುಗರು ಗಮನಿಸಲಿ.

ಹೀಗೆ ಹದಗೊಂಡ ನೆಲದಲ್ಲಿಯೇ 1876ರ ಬಾವುಟ ಎದ್ದದ್ದು. ಪುರಸಭೆಯ ಚುನಾವಣೆಯಲ್ಲಿ ಸಮಾಜವಾದಿಗಳ ಕಡೆಯವರು ಗೆದ್ದಿದ್ದರು. ಗೆದ್ದವರು ಮೆರವಣಿಗೆ ಹೊರಡುವುದು ಎಲ್ಲ ಊರಿನಲ್ಲಿಯೂ ಇರುವ ರೂಢಿ. ಆದರೆ ಕೆಂಪು ಬಾವುಟವನ್ನೂ ಅದರ ಮೇಲಿನ ಅಕ್ಷರಗಳನ್ನೂ ಕಂಡ ಸರ್ಕಾರ ಇದನ್ನು ಬಂಡಾಯವೆಂದೇ ತಿಳಿಯಿತು. ಮುಖಂಡರ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿತು. ಪುರಸಭೆಯ ಚುನಾವಣೆ ಗೆದ್ದುದಕ್ಕೆ ರಾಜದ್ರೋಹ! ಬೀದಿದೀಪ, ಚರಂಡಿ, ಸಂತೆಯ ಸುಂಕ ಇವುಗಳನ್ನು ಊರವರೇ ನೋಡಿಕೊಳ್ಳುತ್ತೇವೆಂದರೆ ಸಿಂಹಾಸನ ಅಲುಗುತ್ತದೆಂದು ಅರಸರಿಗೆ ತಿಳಿದಿತ್ತು. ನಮ್ಮ ಕಡೆಯ ಕೆಲವು ಸಮಾಜವಾದಿಗಳಿಗೆ ಇದಿನ್ನೂ ತಿಳಿದಿಲ್ಲ. ಪುರಸಭೆಯೆಂದರೆ ಸಣ್ಣ ವಿಷಯವೆಂದು ಮೂಗು ಮುರಿಯುತ್ತಾರೆ.

ಮೊದಲನೆಯ ಮಹಾಯುದ್ಧದ ಕಾಲವನ್ನು ಚುಟುಕಾಗಿ ದಾಟುತ್ತೇವೆ. ಎರಡು ಸಂಗತಿ ಸಾಕು. 1915ರ ಆರಂಭದಲ್ಲಿ ವಿಷಮಜ್ವರದ ಮಾರಿ ಹಬ್ಬಿದಾಗ ಎಲಿಜಬೆತ್ ರಾಸ್ ಎಂಬ ಸ್ಕಾಟ್ಲೆಂಡಿನ ವೈದ್ಯೆ ತಾನಾಗಿಯೇ ಈ ಊರಿಗೆ ಬಂದು, ರೋಗಿಗಳ ಸೇವೆ ಮಾಡುತ್ತ, ಅದೇ ಜ್ವರಕ್ಕೆ ಫೆಬ್ರವರಿ 14ರಂದು ಬಲಿಯಾದಳು. ಊರವರು ಆ ದಿನವನ್ನು ಮರೆತಿಲ್ಲ. 1918ರಲ್ಲಿ ಊರು ಆಸ್ಟ್ರಿಯಾ-ಹಂಗರಿಯ ಕೈಯಲ್ಲಿದ್ದಾಗ, ಅದೇ ಸೈನ್ಯದ ಸ್ಲೊವಾಕ್ ಸಿಪಾಯಿಗಳು ಮತ್ತೆ ರಣರಂಗಕ್ಕೆ ಹೋಗಲಾರೆವೆಂದು ತಿರುಗಿಬಿದ್ದರು. ಅವರಲ್ಲಿ 44 ಮಂದಿಯನ್ನು ಜೂನ್ 8ರಂದು ಊರ ಹೊರಗೆ ನಿಲ್ಲಿಸಿ ಗುಂಡಿಕ್ಕಿದರು. ಊರನ್ನು ಗೆದ್ದ ಸೈನ್ಯದ ಸಿಪಾಯಿಗಳಿಗೆ ಸೋತ ಊರಿನಲ್ಲಿ ಸ್ಮಾರಕವಿದೆ. ಇದು ಸಾಧಾರಣ ಊರಿನ ಗುಣವಲ್ಲ.

ಇನ್ನು 1941. ಇದನ್ನು ನಿಧಾನವಾಗಿ ಹೇಳಬೇಕು.

ಆ ವರ್ಷದ ಏಪ್ರಿಲಿನಲ್ಲಿ ಹಿಟ್ಲರನ ಸೈನ್ಯ ಯುಗೊಸ್ಲಾವಿಯಾವನ್ನು ಹಿಡಿಯಿತು. ಬೇಸಿಗೆಯಲ್ಲಿ ಸರ್ಬಿಯಾದ ಕಾಡುಗಳಲ್ಲಿ ಜನ ದಂಗೆಯೆದ್ದರು. ಅದನ್ನಡಗಿಸಲು ಬಂದ ಜನರಲ್ ಫ್ರಾಂಜ್ ಬ್ಯೋಮೆ ಒಂದು ದರ ಗೊತ್ತುಮಾಡಿದ: ಒಬ್ಬ ಜರ್ಮನ್ ಸೈನಿಕ ಸತ್ತರೆ 100 ಜನ, ಗಾಯಗೊಂಡರೆ 50 ಜನ. ಅಂಗಡಿಯಲ್ಲಿ ತೂಕಕ್ಕೆ ಬೆಲೆ ಕಟ್ಟಿದ ಹಾಗೆ. ಅಕ್ಟೋಬರಿನಲ್ಲಿ ಗೋರ್ನಿ ಮಿಲಾನೋವಾತ್ಸ್ ಬಳಿ ನಡೆದ ಕಾಳಗದಲ್ಲಿ 10 ಜರ್ಮನರು ಸತ್ತು 26 ಜನ ಗಾಯಗೊಂಡರು. ಹತ್ತು ನೂರಲೆ ಸಾವಿರ. ಇಪ್ಪತ್ತಾರು ಐವತ್ತಲೆ ಸಾವಿರದ ಮುನ್ನೂರು. ಒಟ್ಟು 2,300. ಕಾಳಗ ನಡೆದದ್ದು ಬೇರೆ ಊರಿನ ಬಳಿ. ಲೆಕ್ಕ ತುಂಬಿಸಲು ಸಾಕಷ್ಟು ಜನರಿದ್ದುದು ಕ್ರಾಗುಯೆವಾತ್ಸಿನಲ್ಲಿ.

19ರಂದು ಸುತ್ತಲಿನ ಹಳ್ಳಿಗಳಲ್ಲಿ ನೂರಾರು ಜನರನ್ನು ಕೊಂದರು. 20ರಂದು ಊರನ್ನು ಸುತ್ತುಗಟ್ಟಿ, ಹದಿನಾರರಿಂದ ಅರವತ್ತು ವಯಸ್ಸಿನ ಗಂಡಸರನ್ನು ಮನೆ, ಅಂಗಡಿ, ಕಚೇರಿ, ಕಾರ್ಯಾಗಾರಗಳಿಂದ ಎಳೆದು ತಂದರು. ಲ್ಯೋಟಿಚನ ಪಕ್ಷದ ಸರ್ಬಿಯನ್ ಸ್ವಯಂಸೇವಕ ಪಡೆಯವರು ಈ ಕೆಲಸಕ್ಕೆ ನೆರವಾದರು. ಯಾವ ದೇಶದಲ್ಲಿಯೂ ಇಂಥವರಿಗೆ ಕೊರತೆಯಿಲ್ಲ. ಪ್ರೌಢಶಾಲೆಗೆ ನುಗ್ಗಿ, ತರಗತಿಗಳಿಂದ ದೊಡ್ಡ ಹುಡುಗರನ್ನೂ ಅವರ ಉಪಾಧ್ಯಾಯರನ್ನೂ ಹೊರಡಿಸಿದರು. ಮೊದಲೇ ಸೆರೆಯಲ್ಲಿದ್ದ ಯೆಹೂದಿಗಳನ್ನೂ ಕಮ್ಯೂನಿಸ್ಟರನ್ನೂ ಆ ಸಂಜೆಯೇ ಮುಗಿಸಿದರು. 21ರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ಶುಮಾರಿತ್ಸೆ ಎಂಬ ಊರಂಚಿನ ತೊಪ್ಪಲಿನಲ್ಲಿ, ಗುಂಪುಗುಂಪಾಗಿ ನಿಲ್ಲಿಸಿ ಯಂತ್ರಬಂದೂಕುಗಳಿಂದ ಕೊಂದರು. ಕಾರಖಾನೆಯ ಕೆಲಸಗಾರರು, ಅಂಗಡಿಕಾರರು, ಗುಮಾಸ್ತರು, ಪಾದ್ರಿಗಳು; ಸುಮಾರು ಮುನ್ನೂರು ವಿದ್ಯಾರ್ಥಿಗಳು; ಬೀದಿಯಲ್ಲಿ ಬೂಟಿಗೆ ಪಾಲಿಷ್ ಹಾಕಿ ಹೊಟ್ಟೆ ಹೊರೆಯುತ್ತಿದ್ದ ರೋಮಾ ಹುಡುಗರು. ರಾತ್ರಿ ಕೂಡಿಹಾಕಿದ್ದಾಗ ಕೆಲವರು ಸಿಕ್ಕಿದ ಚೂರು ಕಾಗದದ ಮೇಲೆ, ಗುರುತಿನ ಚೀಟಿಯ ಮೇಲೆ, ಮನೆಯವರಿಗೆ ಎರಡು ಸಾಲು ಬರೆದಿಟ್ಟರು. ಆ ಚೀಟಿಗಳಲ್ಲಿ ಕೆಲವು ಉಳಿದು ಈಗ ಊರಿನ ವಸ್ತುಸಂಗ್ರಹಾಲಯದಲ್ಲಿವೆ.

ಸತ್ತವರೆಷ್ಟು? ಯುದ್ಧ ಮುಗಿದ ಮೇಲೆ ಬಹುಕಾಲ 7,000 ಎಂದೇ ಹೇಳುತ್ತಿದ್ದರು. ಶಾಲೆಯ ಪುಸ್ತಕಗಳಲ್ಲಿಯೂ ಅದೇ ಇತ್ತು. ಮುಂದೆ ವಸ್ತುಸಂಗ್ರಹಾಲಯದವರು ಒಂದೊಂದೇ ಹೆಸರು ಹಿಡಿದು, ಮನೆಮನೆಯ ಲೆಕ್ಕ ನೋಡಿ, ಸುಮಾರು 2,800 ಎಂದು ತೋರಿಸಿದರು. ಲೆಕ್ಕ ಇಳಿಸಿದ್ದರಿಂದ ಕೊಲೆಗಡುಕರ ಪಾಪ ಇಳಿಯಿತೆಂದು ಗೊಣಗಿದವರೂ ಉಂಟು. ನಮಗೆ ಹಾಗೆ ತೋರುವುದಿಲ್ಲ. 7,000 ಎಂಬುದು ಒಂದು ಸಂಖ್ಯೆ. 2,800 ಎಂಬುದು ಹೆಸರುಗಳ ಪಟ್ಟಿ. ಜನರನ್ನು ಎಣಿಕೆಯ ಸರಕಾಗಿ ಕಂಡವನು ಬ್ಯೋಮೆ. ಅವನಿಗೆ ತಕ್ಕ ಉತ್ತರವೆಂದರೆ ಪ್ರತಿಯೊಬ್ಬನ ಹೆಸರನ್ನೂ ಹುಡುಕಿ ಬರೆದಿಡುವುದು. ಆ ಬ್ಯೋಮೆ 1947ರಲ್ಲಿ ನ್ಯೂರೆಂಬರ್ಗಿನ ಸೆರೆಯಲ್ಲಿ, ವಿಚಾರಣೆಗೆ ನಿಲ್ಲುವ ಮೊದಲೇ ಆತ್ಮಹತ್ಯೆ ಮಾಡಿಕೊಂಡ.

ಊರು ಬಿಡುಗಡೆಯಾದದ್ದು 1944ರಲ್ಲಿ. ದಿನಾಂಕ ಅದೇ ಅಕ್ಟೋಬರ್ 21.

ಆಮೇಲೆ ಊರವರು ಮಾಡಿದ ಕೆಲಸವನ್ನು ನಾವು ಸಂಸ್ಕೃತಿ ಎಂದು ಕರೆಯುತ್ತೇವೆ. ಶುಮಾರಿತ್ಸೆಯ ಸುಮಾರು 350 ಹೆಕ್ಟೇರ್ ನೆಲವನ್ನು 1953ರಲ್ಲಿ ಸ್ಮಾರಕ ವನವೆಂದು ಮೀಸಲಿಟ್ಟರು. ಕೊಲೆಯಾದವರ ಸಾಮೂಹಿಕ ಸಮಾಧಿಗಳು ಅಲ್ಲಿಯೇ ಇವೆ. 1963ರಲ್ಲಿ ಮಿಯೊದ್ರಾಗ್ ಜಿವ್‌ಕೋವಿಚ್ ಎಂಬ ಶಿಲ್ಪಿ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಒಂದು ಸ್ಮಾರಕ ಮಾಡಿದ: ರೆಕ್ಕೆ ಮುರಿದ ಹಕ್ಕಿಯಂತೆ ಕಾಣುವ ಎರಡು ದೊಡ್ಡ ಬಿಳಿಯ ಹಲಗೆಗಳು. 1976ರಲ್ಲಿ ಇವಾನ್ ಆಂತಿಚ್, ಇವಾಂಕಾ ರಾಸ್ಪೊಪೊವಿಚ್ ಎಂಬಿಬ್ಬರು ಶಿಲ್ಪಶಾಸ್ತ್ರಜ್ಞರು ಕಟ್ಟಿದ ವಸ್ತುಸಂಗ್ರಹಾಲಯ ತೆರೆಯಿತು. ಒತ್ತಾಗಿ ನಿಂತ ಕೆಂಪಿಟ್ಟಿಗೆಯ ಎತ್ತರದ ಗೋಪುರಗಳ ಗುಂಪು ಅದು. ಸರ್ಬಿಯಾದ ಹಿರಿಯ ಕವಯಿತ್ರಿ ದೆಸಾಂಕಾ ಮಾಕ್ಸಿಮೋವಿಚ್ ಆ ಹುಡುಗರ ಮೇಲೆ ಬರೆದ 'ನೆತ್ತರ ಕಥೆ' ಎಂಬ ಕವಿತೆಯನ್ನು ಅಲ್ಲಿನ ಮಕ್ಕಳೆಲ್ಲ ಶಾಲೆಯಲ್ಲಿ ಕಲಿಯುತ್ತಾರೆ. ಪ್ರತಿ ಅಕ್ಟೋಬರ್ 21ರಂದು ಸ್ಮಾರಕದ ಮುಂದೆ ಕಾವ್ಯ, ಸಂಗೀತಗಳ ದೊಡ್ಡ ಕಾರ್ಯಕ್ರಮ ನಡೆಯುತ್ತದೆ. ಅದಕ್ಕೆ ಅವರಿಟ್ಟ ಹೆಸರು 'ದೊಡ್ಡ ಪಾಠ'. ಸತ್ತ ಹುಡುಗರಿಗೆ ಅರ್ಧಕ್ಕೆ ನಿಂತ ಪಾಠವನ್ನು ಊರೇ ಕೂಡಿ ಮುಂದುವರಿಸಿದಂತೆ.

ಯುದ್ಧವಿರೋಧಿ ವ್ಯಂಗ್ಯಚಿತ್ರಗಳ ಅಂತರರಾಷ್ಟ್ರೀಯ ಪ್ರದರ್ಶನವನ್ನೂ ಈ ಊರು ನಡೆಸಿಕೊಂಡು ಬಂದಿದೆ. ಬಂದೂಕು ಮಾಡುವ ಕಾರಖಾನೆಯೂ ಅದೇ ಊರಿನಲ್ಲಿದೆ, ಈಗಲೂ ನಡೆಯುತ್ತಿದೆ. ಇದನ್ನು ಮುಚ್ಚಿಟ್ಟು ಊರನ್ನು ಹೊಗಳುವುದು ನಮ್ಮ ಕೆಲಸವಲ್ಲ. ಹಗಲು ಬಂದೂಕಿನ ನಳಿಗೆ ಕೊರೆದು ಸಂಜೆ ಯುದ್ಧವನ್ನು ಅಣಕಿಸುವ ಚಿತ್ರ ನೋಡುವ ಕೆಲಸಗಾರನ ಇಕ್ಕಟ್ಟು ಅವನೊಬ್ಬನದಲ್ಲ.

ಕಾರಖಾನೆಯ ಕಥೆಗೆ ಬರೋಣ. ಯುದ್ಧವಾದ ಮೇಲೆ ಹಳೆಯ ಫಿರಂಗಿ ಕಾರಖಾನೆಗೆ 'ತ್ಸರ್ವೆನಾ ಜಾಸ್ತವಾ' ಎಂದು ಹೆಸರಾಯಿತು. ಕೆಂಪು ಬಾವುಟವೆಂದೇ ಅದರ ಅರ್ಥ; 1876ರ ನೆನಪು. 1950ರಲ್ಲಿ ಟಿಟೋ ಸರ್ಕಾರ ಕಾರಖಾನೆಗಳನ್ನು ಕಾರ್ಮಿಕರ ಮಂಡಲಿಗಳ ಕೈಗೆ ಕೊಡುವ ಕಾನೂನು ಮಾಡಿತು. 1953ರ ಆಗಸ್ಟಿನಲ್ಲಿ ಕ್ರಾಗುಯೆವಾತ್ಸಿನ ಕಾರ್ಮಿಕರ ಮುಂದೆ ಒಂದು ಪ್ರಶ್ನೆ ಬಂದಿತು: ನಾವು ಮೋಟಾರು ಕಾರು ಮಾಡೋಣವೇ? ನೂರಕ್ಕೆ 96 ಮಂದಿ ಮಾಡೋಣವೆಂದು ಮತ ಕೊಟ್ಟರು. ಇಟಲಿಯ ಫಿಯಟ್ ಕಂಪೆನಿಯಿಂದ ಪರವಾನಗಿ ಪಡೆದು, ಜನ ಮುದ್ದಿನಿಂದ 'ಫಿಚೊ' ಎಂದು ಕರೆದ ಪುಟ್ಟ ಕಾರನ್ನು 1955ರಿಂದ ಮಾಡಿದರು. ಮೂವತ್ತು ವರ್ಷಗಳಲ್ಲಿ ಒಂಬತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿ, ಒಂದು ದೇಶದ ಸಾಮಾನ್ಯ ಸಂಸಾರಗಳು ಮೊದಲ ಬಾರಿಗೆ ಸಮುದ್ರ ನೋಡಲು ಹೋದದ್ದು ಅದರಲ್ಲಿ. 1980ರಲ್ಲಿ 'ಯುಗೊ' ಬಂದಿತು. 1985ರಿಂದ ಅಮೆರಿಕಕ್ಕೂ ಹೋಯಿತು. ಅಮೆರಿಕದವರು ಅದನ್ನು ನಗೆಯಾಡಿದರು. ನಗೆಯಾಡಿದವರೇ ಸುಮಾರು 1 ಲಕ್ಷ 40 ಸಾವಿರ ಯುಗೊ ಕಾರುಗಳನ್ನು ಕೊಂಡರು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇದು ಸಾಮಾನ್ಯ ಸಾಧನೆಯಲ್ಲ. ಹಾಗೆಂದು ಬಾವುಟದ ಮೇಲಿನ ಮಾತು ನಡೆದುಬಿಟ್ಟಿತೆಂದು ನಾವು ಹೇಳಲಾರೆವು. ಮಂಡಲಿಯಲ್ಲಿ ಕಾರ್ಮಿಕರಿದ್ದರು; ಮಂಡಲಿಯ ಮೇಲೆ ನಿರ್ದೇಶಕನಿದ್ದ; ನಿರ್ದೇಶಕನ ಮೇಲೆ ಒಂದೇ ಒಂದು ಪಕ್ಷವಿತ್ತು. ಯಾವ ಕಾರು ಮಾಡಬೇಕೆಂದು ಕಾರ್ಮಿಕ ಮತ ಕೊಡಬಹುದಾಗಿತ್ತು. ಯಾರು ದೇಶವಾಳಬೇಕೆಂದು ಕೇಳುವಂತಿರಲಿಲ್ಲ. ಟಿಟೋನ ಒಡನಾಡಿಯೇ ಆಗಿದ್ದ ಮಿಲೊವಾನ್ ಜಿಲಾಸ್ ಇದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ 1954ರಲ್ಲಿ ಅಧಿಕಾರದ ಸ್ಥಾನಗಳನ್ನೆಲ್ಲ ಕಳೆದುಕೊಂಡು, 1956ರಲ್ಲಿ ಸೆರೆಮನೆ ಸೇರಿದ. ಕಾರಖಾನೆಯ ಗೇಟಿನ ಒಳಗೆ ಸ್ವಯಮಾಡಳಿತ, ಹೊರಗೆ ಆಜ್ಞೆ. ಇದನ್ನು ಅರೆಬೆಂದ ಅನ್ನವೆನ್ನಬೇಕು. ಹಸಿದವನು ಅದನ್ನೂ ಉಣ್ಣುತ್ತಾನೆ. ಆದರೆ ಅಡುಗೆ ಆಗಿದೆಯೆಂದು ಬಡಿಸಿದವನು ಹೇಳಬಾರದು.

ಆ ಅರೆಬೆಂದದ್ದೂ ಮುಂದೆ ಉಳಿಯಲಿಲ್ಲ. 1990ರ ದಶಕದಲ್ಲಿ ದೇಶ ಒಡೆಯಿತು. ಬಿಡಿಭಾಗ ತಯಾರಿಸುತ್ತಿದ್ದ ಕಾರಖಾನೆಗಳು ಗಡಿಯಾಚೆಗೆ ಹೋದವು. 1992ರಲ್ಲಿ ವಿಶ್ವಸಂಸ್ಥೆಯ ದಿಗ್ಬಂಧನ ಬಿದ್ದು ಹೊರಗಿನ ಮಾರುಕಟ್ಟೆ ಮುಚ್ಚಿತು. ಮಿಲೊಶೆವಿಚನ ಯುದ್ಧಗಳಿಗೆ ಕ್ರಾಗುಯೆವಾತ್ಸಿನ ಕಾರ್ಮಿಕ ಮತ ಕೊಟ್ಟಿರಲಿಲ್ಲ. ಬೆಲೆ ಕೊಟ್ಟವನು ಅವನು. 1999ರಲ್ಲಿ ನೇಟೋ ವಿಮಾನಗಳು ಬಾಂಬು ಹಾಕತೊಡಗಿದಾಗ ಕಾರ್ಮಿಕರು, ನಾವು ಕಾರಖಾನೆ ಬಿಟ್ಟು ಕದಲುವುದಿಲ್ಲವೆಂದು ಲೋಕಕ್ಕೆಲ್ಲ ಸಾರಿ ಯಂತ್ರಗಳ ಪಕ್ಕದಲ್ಲಿಯೇ ಕುಳಿತರು. ಏಪ್ರಿಲ್ 9ರಂದು ಬಾಂಬು ಬಿದ್ದಿತು. 12ರಂದು ಮತ್ತೆ ಬಿದ್ದಿತು. ನೂರಕ್ಕೂ ಹೆಚ್ಚು ಕಾರ್ಮಿಕರು ಗಾಯಗೊಂಡರು. ಕಾರಖಾನೆಯ ವಿಷತೈಲ ಸೋರಿ ಲೆಪೆನಿತ್ಸಾ ಹೊಳೆಯನ್ನೂ ಕೆಡಿಸಿತು. ಪ್ರಜಾಪ್ರಭುತ್ವದ ಹೆಸರಿನಲ್ಲಿ ಕಾರು ಕಾರಖಾನೆಯ ಮೇಲೆ ಬಾಂಬು ಹಾಕಿದವರನ್ನು ನಾವು ಕ್ಷಮಿಸಲಾರೆವು. ಹಾಗೆಯೇ ಆ ಕಾರ್ಮಿಕರ ಧೈರ್ಯವನ್ನು ತನ್ನ ಕೊರಳ ಪದಕವಾಗಿ ಮಾಡಿಕೊಳ್ಳಲು ಮಿಲೊಶೆವಿಚನಿಗೆ ಹಕ್ಕಿರಲಿಲ್ಲ.

2000ದಲ್ಲಿ ಅವನು ಬಿದ್ದ. ಹೊಸಬರು ಬಂದು 'ಪುನರ್ರಚನೆ' ಎಂಬ ಹೊಸ ಶಬ್ದ ತಂದರು. ಸಾವಿರಾರು ಜನ ಕೆಲಸ ಕಳೆದುಕೊಂಡರು. 2008ರ ನವೆಂಬರಿನಲ್ಲಿ ಕಡೆಯ ಯುಗೊ ಹೊರಬಂದಿತು. ಒಟ್ಟು ಸುಮಾರು 8 ಲಕ್ಷ ಕಾರುಗಳಾಗಿದ್ದವು. ಅದೇ ವರ್ಷ ಕಾರಖಾನೆ ಫಿಯಟ್ ಪಾಲಾಯಿತು: ನೂರಕ್ಕೆ 67 ಪಾಲು ಕಂಪೆನಿಗೆ, 33 ಪಾಲು ಸರ್ಕಾರಕ್ಕೆ. 1953ರಲ್ಲಿ ಮತ ಕೊಟ್ಟಿದ್ದ ಕಾರ್ಮಿಕನಿಗೆ ಎಷ್ಟು ಪಾಲು ಎಂದು ಓದುಗರು ಕೂಡಿ ನೋಡಲಿ. 2017ರಲ್ಲಿ ಸಂಬಳ ಏರಿಸಿ, ಕೆಲಸದ ಹೊರೆ ಇಳಿಸಿ ಎಂದು ಅವರು ಸುಮಾರು ಮೂರು ವಾರ ಮುಷ್ಕರ ಹೂಡಬೇಕಾಯಿತು. ಆ ಹೊತ್ತಿಗೆ ಗೇಟಿನ ಮೇಲೆ ಬಾವುಟದ ಹೆಸರೂ ಉಳಿದಿರಲಿಲ್ಲ.

ಹಾಗಾದರೆ ಆ ಮಾತು ಸತ್ತಿತೇ? ನಾವು ಹಾಗೆಂದುಕೊಂಡಿದ್ದೆವು ಎನ್ನುವವರು ಸರ್ಬಿಯಾದಲ್ಲಿ ಬಹಳ ಮಂದಿ ಇದ್ದರು. 2024ರ ನವೆಂಬರ್ 1ರಂದು ನೋವಿ ಸಾದ್ ಎಂಬ ಇನ್ನೊಂದು ನಗರದ ರೈಲುನಿಲ್ದಾಣದಲ್ಲಿ ಕಾಂಕ್ರೀಟಿನ ಚಾವಣಿ ಕುಸಿಯಿತು. ಆಗತಾನೇ ಹೊಸದಾಗಿ ದುರಸ್ತಿ ಮಾಡಿದ್ದ ನಿಲ್ದಾಣ. ಕಡೆಗೆ 16 ಜನರ ಪ್ರಾಣ ಹೋಯಿತು. ಗುತ್ತಿಗೆಯಲ್ಲಿ ಲಂಚ ನಡೆದಿದೆಯೆಂದು ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳನ್ನು ನಿಲ್ಲಿಸಿ ಬೀದಿಗಿಳಿದರು. 2025ರ ಫೆಬ್ರವರಿ 15ರಂದು, ಸ್ರೆತೆನ್ಯೆ ಹಬ್ಬದ ದಿನ, ದೊಡ್ಡ ಸಭೆಗೆ ಅವರು ಆರಿಸಿಕೊಂಡ ಊರು ಕ್ರಾಗುಯೆವಾತ್ಸ್. ಬೆಲ್‌ಗ್ರೇಡಿನಿಂದ, ನೋವಿ ಸಾದಿನಿಂದ, ನೀಶಿನಿಂದ ನೂರಾರು ಕಿಲೋಮೀಟರು ಚಳಿಯಲ್ಲಿ ನಡೆದುಕೊಂಡೇ ಬಂದರು. ದಾರಿಯ ಹಳ್ಳಿಗಳ ಜನ ಊಟ ಕೊಟ್ಟು ಕಳಿಸಿದರು. ಹದಿನೈದು ಗಂಟೆಗಳ ಕಾಲ ಊರಿನ ಮುಖ್ಯ ರಸ್ತೆಯನ್ನು ತುಂಬಿ ನಿಂತರು.

ಈ ವಿದ್ಯಾರ್ಥಿಗಳಿಗೆ ಮುಖಂಡನಿಲ್ಲ. ಪ್ರತಿ ಕಾಲೇಜಿನಲ್ಲಿ ಎಲ್ಲರೂ ಕೂಡಿ ಕುಳಿತು, ಚರ್ಚಿಸಿ, ಕೈಯೆತ್ತಿ ತೀರ್ಮಾನಿಸುತ್ತಾರೆ. ಆ ವರ್ಷದ ಮಾರ್ಚಿನಲ್ಲಿ ಊರವರಿಗೂ ಹೀಗೆಯೇ ಬಡಾವಣೆ ಬಡಾವಣೆಗಳಲ್ಲಿ ಸಭೆ ಸೇರಿರೆಂದು ಕರೆ ಕೊಟ್ಟರು. 'ಜ್ಬೋರ್' ಎಂದು ಆ ಸಭೆಗಳ ಹೆಸರು. ಅದಕ್ಕೆ ಹೊಸ ಕಾನೂನು ಬೇಕಾಗಲಿಲ್ಲ. ಸ್ಥಳೀಯ ಸ್ವಯಮಾಡಳಿತದ ಕಾನೂನಿನಲ್ಲಿ ಅದಕ್ಕೆ ಮೊದಲೇ ಅವಕಾಶವಿತ್ತು. ಹೆಚ್ಚಾಗಿ ಯಾರೂ ಬಳಸುತ್ತಿರಲಿಲ್ಲ, ಅಷ್ಟೆ. ವಿದ್ಯಾರ್ಥಿಗಳು ಸರ್ಕಾರದ ಮುಂದಿಟ್ಟ ಬೇಡಿಕೆಗಳಲ್ಲಿ ಮೊದಲನೆಯದು ಯಾವ ಮಂತ್ರಿಯ ತಲೆಯನ್ನೂ ಕೇಳಲಿಲ್ಲ. ನಿಲ್ದಾಣದ ದುರಸ್ತಿಗೆ ಸಂಬಂಧಪಟ್ಟ ಕಾಗದಪತ್ರಗಳನ್ನೆಲ್ಲ, ಒಂದನ್ನೂ ಬಿಡದೆ, ಜನರ ಮುಂದಿಡಬೇಕು ಎಂದಿತು.